ಬಳಿಯದೆ ಬಿಟ್ಟ ಬಿಳುಪು: ಗ್ರಾನಡಾದ ಕಾರಂಜಿ ಜಲವರ್ಣದಲ್ಲಿ ಮೂಡುವ ಬಗೆ

ಜಲವರ್ಣದಲ್ಲಿ ಬರೆದ ಒಂದು ಒಳ್ಳೆಯ ಕಾರಂಜಿಯ ಚಿತ್ರವನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ. ದೂರದಿಂದ ನೀರು ಥಳಥಳ ಹೊಳೆಯುತ್ತಿತ್ತು. ನೊರೆ ಕಾಣುತ್ತಿತ್ತು. ಬೋಗುಣಿಯ ಅಂಚಿಗೆ ಬಿಸಿಲು ಬಡಿದಿತ್ತು. ಈಗ ಆ ನೊರೆ ಎಲ್ಲಿ, ಆ ಬಿಸಿಲು ಎಲ್ಲಿ ಅಂತ ಹುಡುಕಿದರೆ ಅಲ್ಲಿ ಏನೂ ಇಲ್ಲ. ಬರೀ ಕಾಗದ. ಕುಂಚ ಮುಟ್ಟದೆ ಖಾಲಿ ಬಿಟ್ಟ ಕಾಗದ.

ಈ ಖಾಲಿ ಜಾಗ ನೀರಾಗುವುದು ಹೇಗೆ, ಕಲ್ಲಾಗುವುದು ಹೇಗೆ ಅನ್ನೋದು ಗೊತ್ತಾದರೆ ಜಲವರ್ಣ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಅದನ್ನು ವಿವರಿಸಲು ಸ್ಪೇನಿನ ಗ್ರಾನಡಾ ನಗರದ ಎರಡು ಕಾರಂಜಿಗಳನ್ನು ಆರಿಸಿಕೊಂಡಿದ್ದೇನೆ. ಎರಡನ್ನೂ 1912ರಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಜಲವರ್ಣದಲ್ಲಿ ಬರೆದ. ಎರಡೂ ಚಿತ್ರಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. 1915ರಲ್ಲೇ ಅವನ್ನು ಮ್ಯೂಸಿಯಂ ಕೊಂಡುಕೊಂಡಿತು.

ಸಾರ್ಜೆಂಟ್ ಅಮೆರಿಕದ ತಂದೆತಾಯಿಗೆ 1856ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿದವನು. ಹೆಸರು ಮಾಡಿದ್ದು ತೈಲವರ್ಣದ ಭಾವಚಿತ್ರಗಳಿಂದ. ಶ್ರೀಮಂತರು ತಮ್ಮ ಚಿತ್ರ ಬರೆಸಿಕೊಳ್ಳಲು ಸಾಲು ನಿಲ್ಲುತ್ತಿದ್ದರು. 1907ರ ಹೊತ್ತಿಗೆ ಅವನಿಗೆ ಆ ಕೆಲಸ ಸಾಕಾಗಿ ಹೋಯಿತು. ಅಲ್ಲಿಂದಾಚೆಗೆ ಅಂಥ ಕೆಲಸ ಒಪ್ಪಿಕೊಂಡದ್ದು ತೀರಾ ಕಡಿಮೆ. ವರ್ಷದ ಒಂದಷ್ಟು ತಿಂಗಳು ಯುರೋಪ್ ಸುತ್ತುವುದು, ಕಂಡದ್ದನ್ನು ಜಲವರ್ಣದಲ್ಲಿ ಹಿಡಿಯುವುದು ಅವನಿಗೆ ಹಿಡಿಸಿತು. ಜೀವನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜಲವರ್ಣ ಚಿತ್ರ ಬರೆದ. ಗ್ರಾನಡಾಕ್ಕೆ ಹೋದಾಗ ಜೊತೆಯಲ್ಲಿ ತಂಗಿ ಎಮಿಲಿ ಇದ್ದಳು, ಚಿತ್ರಕಾರ ಗೆಳೆಯ ವಿಲ್ಫ್ರಿಡ್ ಡಿ ಗ್ಲೆನ್, ಅವನ ಹೆಂಡತಿ ಜೇನ್ ಇದ್ದರು.

ಮೊದಲ ಕಾರಂಜಿ ಅಲ್ಹಾಂಬ್ರಾ ಕೋಟೆಯ ನ್ಯಾಯದ ಬಾಗಿಲಿನ ಹತ್ತಿರ ಇದೆ. ಪಿಲಾರ್ ದೆ ಕಾರ್ಲೋಸ್ ಐದು, ಅಂದರೆ ಐದನೇ ಚಾರ್ಲ್ಸ್ ದೊರೆಯ ಹೆಸರಿನ ಕಾರಂಜಿ. ಕಾರಂಜಿ ಅಂದ ಕೂಡಲೇ ಮೇಲಕ್ಕೆ ಚಿಮ್ಮುವ ನೀರು ನೆನಪಾಗುತ್ತದೆ, ಅಲ್ವಾ? ಇದು ಹಾಗಲ್ಲ. ಇದೊಂದು ಕೆತ್ತನೆಯ ಗೋಡೆ. ಗೋಡೆಯ ಬುಡದಲ್ಲಿ ಉದ್ದನೆಯ ಕಲ್ಲಿನ ತೊಟ್ಟಿ. ಮೂರು ಮುಖಗಳ ಬಾಯಿಂದ ತೊಟ್ಟಿಗೆ ನೀರು ಬೀಳುತ್ತದೆ. ಮುಖಗಳ ತಲೆಯ ಮೇಲೆ ತೆನೆ, ಹೂವು ಹಣ್ಣು, ದ್ರಾಕ್ಷಿ. ಮೂರು ಮುಖ ಅಂದರೆ ಗ್ರಾನಡಾದ ಮೂರು ನದಿಗಳು ಅಂತ ಕೆಲವರು ಹೇಳುತ್ತಾರೆ, ಮೂರು ಋತುಗಳು ಅಂತ ಇನ್ನು ಕೆಲವರು. ಮೇಲೆ ದೊರೆಯ ಲಾಂಛನ, ಎರಡು ತಲೆಯ ಹದ್ದು. ವಿನ್ಯಾಸ ಪೆಡ್ರೊ ಮಚೂಕನದು, ಕೆತ್ತನೆ ನಿಕೊಲೊ ದ ಕೊರ್ತೆಯದು. 1540ರ ದಶಕದ ಕೆಲಸ. 1624ರಲ್ಲಿ ಅಲೊನ್ಸೊ ದೆ ಮೆನಾ ಅನ್ನುವ ಶಿಲ್ಪಿ ಇದನ್ನು ದುರಸ್ತಿ ಮಾಡಿದ.

ಗುಡ್ಡದ ಮೇಲಿನ ಕೋಟೆಗೆ ನೀರು ಎಲ್ಲಿಂದ ಬರುತ್ತದೆ ಅನ್ನೋದು ಇನ್ನೊಂದು ಸೊಗಸಾದ ಕತೆ. ಇಲ್ಲಿ ಸಣ್ಣದಾಗಿ ಹೇಳುತ್ತೇನೆ. 13ನೇ ಶತಮಾನದಲ್ಲಿ ಗ್ರಾನಡಾವನ್ನು ಆಳುತ್ತಿದ್ದ ನಸ್ರಿದ್ ಅನ್ನುವ ಮುಸ್ಲಿಂ ಮನೆತನದ ದೊರೆಗಳು ದಾರೊ ನದಿಗೆ ಮೇಲ್ಭಾಗದಲ್ಲೇ ಒಡ್ಡು ಕಟ್ಟಿದರು. ಅಲ್ಲಿಂದ ಸುಮಾರು 6 ಕಿಲೋಮೀಟರ್ ಕಾಲುವೆ ತೋಡಿದರು. ಗುಡ್ಡದ ಮೈಯನ್ನು ಬಳಸಿಕೊಂಡು, ಸ್ವಲ್ಪಸ್ವಲ್ಪವೇ ಇಳಿಜಾರು ಕೊಟ್ಟು ನೀರು ತಂದರು. ಅದೇ ರಾಜಕಾಲುವೆ. ನೀರು ತಾನಾಗಿ ಇಳಿದು ಬರುತ್ತದೆ, ತಾನಾಗಿ ಕಾರಂಜಿಗಳಲ್ಲಿ ಏಳುತ್ತದೆ. 1492ರಲ್ಲಿ ಕೋಟೆ ಕ್ರೈಸ್ತ ದೊರೆಗಳ ಕೈಗೆ ಹೋಯಿತು. ಆಮೇಲೆ ಅವರು ಕಟ್ಟಿದ್ದಕ್ಕೂ ಇದೇ ಹಳೆಯ ನೀರಿನ ವ್ಯವಸ್ಥೆಯೇ ಆಧಾರವಾಯಿತು.

ಸಾರ್ಜೆಂಟ್ ಈ ಗೋಡೆಯನ್ನು ಬರೆದ ಕಾಗದ ಸುಮಾರು 30 ಸೆಂಟಿಮೀಟರ್ ಎತ್ತರ, 46 ಸೆಂಟಿಮೀಟರ್ ಅಗಲ. ಅಷ್ಟೇ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಕೆತ್ತನೆ ಹಿಡಿಸುವುದಕ್ಕೆ ಮೊದಲು ಬಿಳುಪಿನ ವಿಷಯ ನೋಡೋಣ.

ಜಲವರ್ಣ ಅಂದರೆ ಏನು? ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಹಿಡಿದಿಡುವ ಗೋಂದು, ಹರಡಲು ನೀರು. ಗೋಂದು ಹೆಚ್ಚಾಗಿ ಗಮ್ ಅರೇಬಿಕ್, ಅಂದರೆ ಒಂದು ಜಾತಿಯ ಜಾಲಿ ಮರದ ಅಂಟು. ಒಣಗಿದ ಮೇಲೆ ನೀರು ಹೋಗುತ್ತದೆ, ಪುಡಿಯ ತೆಳ್ಳನೆಯ ಪದರ ಉಳಿಯುತ್ತದೆ. ಬೆಳಕು ಈ ಪದರವನ್ನು ದಾಟಿ ಕೆಳಗಿನ ಕಾಗದಕ್ಕೆ ಬಡಿಯುತ್ತದೆ. ಅಲ್ಲಿಂದ ಹಿಂತಿರುಗಿ, ಮತ್ತೆ ಅದೇ ಪದರವನ್ನು ದಾಟಿ ನಮ್ಮ ಕಣ್ಣಿಗೆ ಬರುತ್ತದೆ. ಬಣ್ಣದ ಗಾಜಿನ ಹಿಂದೆ ಬಿಳಿ ಗೋಡೆ ಇಟ್ಟ ಹಾಗೆ. ಚಿತ್ರದ ಬೆಳಕೆಲ್ಲ ಬರುವುದು ಕಾಗದದಿಂದ. ಬಣ್ಣದ ಕೆಲಸ ಏನಿದ್ದರೂ ಆ ಬೆಳಕನ್ನು ಕಡಿಮೆ ಮಾಡುವುದು.

ತೈಲವರ್ಣದಲ್ಲಿ ಹೀಗಿಲ್ಲ. ಅಲ್ಲಿ ಕಪ್ಪು ನೆಲದ ಮೇಲೂ ಕೊನೆಗೆ ಒಂದು ಚಿಟಿಕೆ ಬಿಳಿ ಇಟ್ಟರೆ ಹೊಳಪು ಬರುತ್ತದೆ. ಜಲವರ್ಣದ ಲೆಕ್ಕ ತಿರುಗುಮುರುಗು. ತಿಳಿಯಿಂದ ಗಾಢಕ್ಕೆ ಹೋಗಬೇಕು. ಒಮ್ಮೆ ಗಾಢವಾದ ಜಾಗವನ್ನು ಮತ್ತೆ ಪೂರ್ತಿ ಬೆಳ್ಳಗೆ ಮಾಡುವುದು ಬಹಳ ಕಷ್ಟ. ಹಾಗಾಗಿ ನೀರಿನ ಹೊಳಪು ಎಲ್ಲಿ ಬರುತ್ತದೆ, ಕಲ್ಲಿನ ಯಾವ ಅಂಚಿಗೆ ಬಿಸಿಲು ಬಿದ್ದಿದೆ ಅನ್ನೋದನ್ನು ಮೊದಲ ಕುಂಚ ಇಡುವ ಮೊದಲೇ ತೀರ್ಮಾನ ಮಾಡಿರಬೇಕು. ಕೊನೆಯಲ್ಲಿ ಎದ್ದು ಕಾಣುವುದನ್ನು ಮೊದಲೇ ಕಾಪಾಡಿಕೊಳ್ಳಬೇಕು. ನನಗೆ ಈ ಮಾಧ್ಯಮದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇದೇ.

ಈಗ ನಾನು ತುಂಬಾ ದಿನ ಗಮನಿಸದೇ ಇದ್ದ ಒಂದು ಸಂಗತಿ. ಕಾಗದ ಯಾಕೆ ಬೆಳ್ಳಗಿದೆ? ಕಾಗದ ಅಂದರೆ ಹತ್ತಿಯ ಅಥವಾ ಮರದ ನಾರು. ಆ ಒಂದೊಂದು ನಾರಿಗೂ ತನ್ನದೇ ಬಿಳಿ ಬಣ್ಣ ಇಲ್ಲ. ಹೆಚ್ಚುಕಡಿಮೆ ಪಾರದರ್ಶಕ. ಆದರೆ ನಾರುಗಳ ನಡುವೆ ಎಲ್ಲೆಲ್ಲೂ ಗಾಳಿ ತುಂಬಿದೆ. ಬೆಳಕು ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗೆಲ್ಲ ಸ್ವಲ್ಪ ಸ್ವಲ್ಪ ದಿಕ್ಕು ತಪ್ಪುತ್ತದೆ. ಸಾವಿರಾರು ಸಲ ಹೀಗಾಗಿ, ಎಲ್ಲ ಬಣ್ಣದ ಬೆಳಕೂ ಚೆದುರಿ ಹಿಂದಕ್ಕೆ ಬರುತ್ತದೆ. ಅದನ್ನೇ ನಮ್ಮ ಕಣ್ಣು ಬಿಳಿ ಅನ್ನುತ್ತದೆ.

ನೊರೆ ಯಾಕೆ ಬೆಳ್ಳಗಿದೆ? ಅದೇ ಕಾರಣಕ್ಕೆ. ನೀರಿಗೂ ಬಿಳಿ ಬಣ್ಣ ಇಲ್ಲ, ಗಾಳಿಗೂ ಇಲ್ಲ. ಬೋಗುಣಿಯ ಅಂಚಿನಿಂದ ತೆಳ್ಳನೆಯ ಪರದೆಯಾಗಿ ಇಳಿಯುವ ನೀರು ಗಾಜಿನ ಹಾಗೆ ಇರುತ್ತದೆ, ಹಿಂದಿನ ಕಲ್ಲು ಅದರ ಮೂಲಕ ಕಾಣುತ್ತದೆ. ಅದೇ ನೀರು ಕೆಳಗೆ ಬಿದ್ದು ಚೂರಾಗಿ, ಗಾಳಿ ಸೇರಿ ಗುಳ್ಳೆಯಾದ ಕೂಡಲೇ ಬೆಳ್ಳಗಾಗುತ್ತದೆ. ಗುಳ್ಳೆಗುಳ್ಳೆಗೂ ಬೆಳಕು ಚೆದುರುತ್ತದೆ.

ಅಂದರೆ ಚಿತ್ರದಲ್ಲಿ ನೊರೆಯ ಜಾಗದಲ್ಲಿ ಕಾಗದವನ್ನು ಖಾಲಿ ಬಿಟ್ಟಾಗ, ನಿಜವಾದ ನೊರೆ ಬೆಳ್ಳಗಿರುವುದಕ್ಕೆ ಏನು ಕಾರಣವೋ ಅದೇ ಕಾರಣಕ್ಕೆ ಚಿತ್ರದ ನೊರೆಯೂ ಬೆಳ್ಳಗಿದೆ. ಒಂದು ಕಡೆ ನೀರು ಮತ್ತು ಗಾಳಿ, ಇನ್ನೊಂದು ಕಡೆ ನಾರು ಮತ್ತು ಗಾಳಿ. ಇದು ಹೊಳೆದ ದಿನ ನಾನು ಸುಮ್ನೆ ಒಂದು ಖಾಲಿ ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಕಾಗದದ ಮೇಲೆ ಒಂದು ಹನಿ ನೀರು ಹಾಕಿ. ಹನಿ ಇಂಗಿದ ಜಾಗ ಮಸುಕಾಗುತ್ತದೆ, ಸ್ವಲ್ಪ ಪಾರದರ್ಶಕವೂ ಆಗುತ್ತದೆ. ನಾರುಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂತು. ನಾರಿಗೂ ನೀರಿಗೂ ಬೆಳಕಿನ ಮಟ್ಟಿಗೆ ವ್ಯತ್ಯಾಸ ಕಡಿಮೆ, ಹಾಗಾಗಿ ಚೆದುರುವುದೂ ಕಡಿಮೆ. ಒಣಗಿದ ಮೇಲೆ ಗಾಳಿ ಮರಳಿ ಬರುತ್ತದೆ, ಬಿಳುಪೂ ಮರಳಿ ಬರುತ್ತದೆ. ಜಲವರ್ಣ ಹಸಿಯಾಗಿದ್ದಾಗ ಗಾಢವಾಗಿ ಕಂಡು, ಒಣಗಿದಾಗ ಒಂದು ಹದ ತಿಳಿಯಾಗುವುದಕ್ಕೂ ಇದು ಒಂದು ಮುಖ್ಯ ಕಾರಣ. ಅನುಭವ ಇದ್ದವರು ಬಣ್ಣವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹಚ್ಚುತ್ತಾರೆ.

ಸರಿ, ಬಿಳುಪನ್ನು ಬಿಟ್ಟಾಯಿತು. ಈಗ ಕೆತ್ತನೆಗೆ ಬರೋಣ. ಹದ್ದಿನ ರೆಕ್ಕೆ, ಕಿರೀಟ, ಬಳ್ಳಿ, ಮುಖ. ಇವನ್ನೆಲ್ಲ ಗೆರೆ ಎಳೆದು ತೋರಿಸಲು ಹೋದರೆ ಚಿತ್ರ ಕೆಡುತ್ತದೆ. ಕೆತ್ತಿದ ಕಲ್ಲು ಎಲ್ಲ ಕಡೆಯೂ ಒಂದೇ ಬಣ್ಣದ್ದು. ಹದ್ದಿಗೆ ಬೇರೆ ಬಣ್ಣ, ಹಿನ್ನೆಲೆಗೆ ಬೇರೆ ಬಣ್ಣ ಇರುವುದಿಲ್ಲ. ನಮಗೆ ಹದ್ದು ಕಾಣುವುದು ನೆರಳಿನಿಂದ ಮಾತ್ರ. ಹಾಗಾಗಿ ಹದ್ದನ್ನು ಬರೆಯಬೇಕಾದರೆ ಹದ್ದನ್ನು ಬಿಟ್ಟು ಅದರ ನೆರಳನ್ನು ಬರೆಯಬೇಕು. ರೆಕ್ಕೆಯ ಕೆಳಗೆ ಒಂದು ಗಾಢ ಗುರುತು, ಪಕ್ಕದಲ್ಲಿ ಇನ್ನೊಂದು, ನಡುವೆ ಬಿಟ್ಟ ಕಾಗದ. ಹತ್ತಿರದಿಂದ ನೋಡಿದರೆ ನೀಲಿ, ಕಂದು ಮಚ್ಚೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕಲ್ಲಿನ ಕೆತ್ತನೆ. ಮಚ್ಚೆಗಳನ್ನು ಹದ್ದು ಮಾಡುವುದು ನೋಡುವವರ ಕಣ್ಣು.

ನೆರಳು ಅಂದರೆ ಬೂದು ಅಂತ ನಾವು ಅಂದುಕೊಂಡಿರುತ್ತೇವೆ. ಬಿಸಿಲಿನಲ್ಲಿರುವ ತಿಳಿ ಬಣ್ಣದ ಕಲ್ಲಿನ ನೆರಳು ಬೂದು ಆಗಿರುವುದಿಲ್ಲ. ಸೂರ್ಯ ನೇರವಾಗಿ ಬೀಳದ ಜಾಗಕ್ಕೆ ಬೆಳಕು ಎಲ್ಲಿಂದ ಬರುತ್ತದೆ? ಆಕಾಶದಿಂದ. ಆಕಾಶ ನೀಲಿ. ಹಾಗಾಗಿ ಆಕಾಶಕ್ಕೆ ಮುಖ ಮಾಡಿದ ನೆರಳು ನೀಲಿಗೆ, ಒಮ್ಮೊಮ್ಮೆ ನೇರಳೆಗೆ ತಿರುಗುತ್ತದೆ. ಅದೇ ನೆರಳು ಕೆಳಮುಖವಾಗಿದ್ದರೆ, ಉದಾಹರಣೆಗೆ ಬೋಗುಣಿಯ ಹೊಟ್ಟೆಯ ಭಾಗ, ಅಲ್ಲಿಗೆ ಆಕಾಶ ಕಾಣುವುದಿಲ್ಲ. ಅಲ್ಲಿಗೆ ಬೆಳಕು ಬರುವುದು ಬಿಸಿಲು ಬಿದ್ದ ನೆಲದಿಂದ, ಕೆಳಗಿನ ನೀರಿನಿಂದ. ಆ ಬೆಳಕು ಬೆಚ್ಚಗೆ. ಹಳದಿ, ಕೇಸರಿ, ಜೇನಿನ ಬಣ್ಣ.

ಇದನ್ನು ನೋಡಲು ಎರಡನೇ ಕಾರಂಜಿಗೆ ಹೋಗಬೇಕು. ಇದರ ಹೆಸರು ಸುಮ್ನೆ ಸ್ಪ್ಯಾನಿಶ್ ಕಾರಂಜಿ. ಗ್ರಾನಡಾದ ಸಾನ್ ಹುವಾನ್ ದೆ ದಿಯೋಸ್ ಆಸ್ಪತ್ರೆಯ ಅಂಗಳದ್ದು. ಕಾಗದ ನಿಂತ ಆಕಾರದ್ದು, ಸುಮಾರು 53 ಸೆಂಟಿಮೀಟರ್ ಎತ್ತರ, 35 ಸೆಂಟಿಮೀಟರ್ ಅಗಲ. ಸಾರ್ಜೆಂಟ್ ಇಲ್ಲಿ ದೂರ ನಿಂತು ಇಡೀ ಅಂಗಳ ತೋರಿಸುವುದಿಲ್ಲ. ಕಾರಂಜಿಯ ಹತ್ತಿರ ಹತ್ತಿರ ಹೋಗುತ್ತಾನೆ. ಕಲ್ಲು ಮತ್ತು ನೀರು, ಇಷ್ಟೇ ಅವನಿಗೆ ಬೇಕಾದದ್ದು. ಪ್ರವಾಸಿಗರು ಕೊಂಡು ಹೋಗುವ ಚಿತ್ರದ ಹಾಗೆ ಎಲ್ಲವನ್ನೂ ತುರುಕದೇ ಇದ್ದದ್ದು ಈ ಚಿತ್ರದ ದೊಡ್ಡ ಗುಣ ಅಂತ ನನ್ನ ಅಭಿಪ್ರಾಯ.

ಬಿಸಿಲಿನ ಹೊತ್ತಿನಲ್ಲಿ ಕಲ್ಲಿನ ಬೋಗುಣಿಯ ಕೆಳಗೆ ಬಗ್ಗಿ ನೋಡಿದವರಿಗೆ ಗೊತ್ತಿರುತ್ತದೆ. ಕೆಳಗಿನ ತೊಟ್ಟಿಯ ನೀರು ಅಲುಗುತ್ತಿರುತ್ತದೆ. ಅದಕ್ಕೆ ಬಡಿದ ಬಿಸಿಲು ಮೇಲಕ್ಕೆ ಹಾರಿ ಬೋಗುಣಿಯ ಹೊಟ್ಟೆಯ ಮೇಲೆ ಬಲೆಬಲೆಯಾಗಿ ಓಡಾಡುತ್ತದೆ. ಅಲೆಯ ಒಂದೊಂದು ಬಾಗೂ ಸಣ್ಣ ಕನ್ನಡಿಯ ಹಾಗೆ ಬೆಳಕನ್ನು ಒಂದು ಕಡೆ ಒಟ್ಟುಗೂಡಿಸುತ್ತದೆ, ಪಕ್ಕದ ಬಾಗು ಬೆಳಕನ್ನು ಚದುರಿಸುತ್ತದೆ. ನೆರಳಿನ ಒಳಗೇ ಬೆಳಕು ಕುಣಿಯುತ್ತಿರುತ್ತದೆ. ಬೂದು ಬಳಿದರೆ ಈ ಜಾಗ ಸತ್ತು ಹೋಗುತ್ತದೆ. ಮೊದಲು ಬೆಚ್ಚನೆಯ ತಿಳಿ ಬಣ್ಣ ಹರಡಿ, ಒಣಗಿದ ಮೇಲೆ ಅದರ ಮೇಲೆ ತಣ್ಣನೆಯ ನೀಲಿ ನೇರಳೆ ಹಚ್ಚಿ, ಅಲ್ಲಲ್ಲಿ ಕೆಳಗಿನ ಬಣ್ಣವನ್ನು ಹಾಗೇ ಬಿಟ್ಟರೆ ಮಾತ್ರ ಆ ಕುಣಿತ ಉಳಿಯುತ್ತದೆ.

ತೊಟ್ಟಿಯ ನೀರಿನದೂ ಒಂದು ನಿಯಮ ಇದೆ. ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ಬೆಳಕಿನ ಶೇ 2ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಉಳಿದದ್ದು ಒಳಗೆ ಹೋಗುತ್ತದೆ, ಹಾಗಾಗಿ ತಳ ಕಾಣುತ್ತದೆ. ಓರೆಯಾಗಿ ನೋಡುತ್ತಾ ಹೋದ ಹಾಗೆ ಹಿಂದಕ್ಕೆ ಬರುವ ಬೆಳಕು ಹೆಚ್ಚುತ್ತದೆ. ತೀರಾ ಓರೆಯಾದರೆ ನೀರು ಕನ್ನಡಿಯೇ ಆಗಿಬಿಡುತ್ತದೆ. ಅದಕ್ಕೇ ನಮ್ಮ ಕಾಲಬುಡದ ನೀರಿನಲ್ಲಿ ತೊಟ್ಟಿಯ ಪಾಚಿ, ಕಲ್ಲು ಕಾಣುತ್ತದೆ. ಆಚೆ ತುದಿಯ ನೀರಿನಲ್ಲಿ ಗೋಡೆ, ಆಕಾಶ ಕಾಣುತ್ತದೆ. ಒಂದೇ ತೊಟ್ಟಿಯ ನೀರಿಗೆ ಈಚೆ ಬೇರೆ ಬಣ್ಣ, ಆಚೆ ಬೇರೆ ಬಣ್ಣ. ಇಡೀ ತೊಟ್ಟಿಗೆ ಒಂದೇ ನೀಲಿ ಹಚ್ಚಿದ ಚಿತ್ರಗಳು ನೀರಿನ ಹಾಗೆ ಕಾಣದೆ ಬಟ್ಟೆ ಹಾಸಿದ ಹಾಗೆ ಕಾಣುವುದು ಇದರಿಂದಲೇ.

ಇನ್ನು ಅಂಚು. ಒದ್ದೆ ಕಾಗದದ ಮೇಲೆ ಬಣ್ಣ ಇಟ್ಟರೆ ಅದು ಹರಡಿ ಮೆತ್ತಗಾಗುತ್ತದೆ. ಒಣ ಕಾಗದದ ಮೇಲೆ ಇಟ್ಟರೆ ಅಂಚು ಚೂಪಾಗಿ ನಿಲ್ಲುತ್ತದೆ. ನೀರಿನ ಒಳಗಿನ ಪಾಚಿಗೆ ಮೆತ್ತನೆಯ ಅಂಚು, ಬಿಸಿಲು ಬಡಿದ ಕಲ್ಲಿಗೆ ಚೂಪು ಅಂಚು. ಒಣ ಕಾಗದದ ಮೇಲಿನ ಒಂದು ಬಣ್ಣದ ಕೊಳವನ್ನು ಹಾಗೇ ಒಣಗಲು ಬಿಟ್ಟು ಹತ್ತಿರದಿಂದ ನೋಡಿ. ನಡುವೆ ತಿಳಿ, ಸುತ್ತ ಗಾಢವಾದ ಒಂದು ಕಟ್ಟು. ಕಾಫಿ ಚೆಲ್ಲಿ ಒಣಗಿದಾಗ ಬರುತ್ತದಲ್ಲ, ಅದೇ ಉಂಗುರ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಅಂಚು ಕಾಗದಕ್ಕೆ ಅಂಟಿಕೊಂಡಿರುವುದರಿಂದ ಹಿಂದೆ ಸರಿಯುವುದಿಲ್ಲ. ಹೋದ ನೀರಿನ ಜಾಗ ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ, ಹೋಗುವಾಗ ಬಣ್ಣದ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಈ ಉಂಗುರದ ಹಿಂದಿನ ಲೆಕ್ಕಾಚಾರವನ್ನು ಭೌತವಿಜ್ಞಾನಿಗಳು 1997ರಲ್ಲಿ ಸರಿಯಾಗಿ ಬಿಡಿಸಿಟ್ಟರು. ಚಿತ್ರಕಾರರು ಅದನ್ನು ಅದಕ್ಕೂ ಬಹಳ ಮೊದಲಿಂದ ಬಳಸಿಕೊಂಡು ಬಂದಿದ್ದರು. ಕೆತ್ತನೆಯ ನೆರಳಿಗೆ ಒಂದು ಮಚ್ಚೆ ಇಟ್ಟರೆ ಸಾಕು, ಅಂಚಿನ ಗೆರೆಯನ್ನು ನೀರೇ ಎಳೆದು ಕೊಡುತ್ತದೆ.

ಕಲ್ಲಿನ ಒರಟುತನಕ್ಕೂ ಇಂಥದ್ದೇ ಒಂದು ಸಹಾಯ ಸಿಗುತ್ತದೆ. ಅಲ್ಟ್ರಾಮರೀನ್ ನೀಲಿಯ ಕಣಗಳು ಕಾಗದದ ಸಣ್ಣ ಸಣ್ಣ ಗುಳಿಗಳಲ್ಲಿ ಇಳಿದು ಕೂರುತ್ತವೆ. ಒಣಗಿದಾಗ ನೆರಳು ಪುಡಿಪುಡಿಯಾಗಿ, ಮರಳುಮರಳಾಗಿ ಕಾಣುತ್ತದೆ. ಹಳೆಯ ಕಲ್ಲಿಗೆ ಇದಕ್ಕಿಂತ ಒಳ್ಳೆಯ ಮೈ ಕುಂಚದಿಂದ ಬರೆದು ತರಲು ಆಗುವುದಿಲ್ಲ.

ತೆಳ್ಳಗೆ ಇಳಿಯುವ ನೀರಿನ ಎಳೆಗಳ ಸುತ್ತ ಕುಂಚ ಓಡಿಸಿ ಕಾಗದ ಬಿಡುವುದು ಎಷ್ಟು ಕಷ್ಟ ಅಂತ ಯೋಚಿಸಿ. ಅದಕ್ಕೊಂದು ಉಪಾಯ ಮೇಣ. ಬಣ್ಣವಿಲ್ಲದ ಮೇಣದ ತುಂಡಿನಿಂದ ಕಾಗದದ ಮೇಲೆ ಮೊದಲೇ ಗೀರಿ, ಆಮೇಲೆ ಬಣ್ಣ ಹಚ್ಚಿದರೆ ಮೇಣ ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಸಾರ್ಜೆಂಟನ ಜಲವರ್ಣಗಳನ್ನು ಪರೀಕ್ಷೆ ಮಾಡಿದ ಸಂರಕ್ಷಣೆಯ ತಜ್ಞರು ಹಲವು ಚಿತ್ರಗಳಲ್ಲಿ ಇಂಥ ಮೇಣ ಕಂಡಿದ್ದಾರೆ. ಒಣಗಿದ ಬಣ್ಣವನ್ನು ಕೆರೆದು ಕಾಗದ ಹೊರತರುವುದೂ ಅವನಿಗೆ ಗೊತ್ತಿತ್ತು. ಬೇಕಾದ ಕಡೆ ಅಪಾರದರ್ಶಕ ಬಿಳಿಯನ್ನೂ ಇಡುತ್ತಿದ್ದ. ಬಿಳಿ ಬಳಸುವುದು ಮೋಸ ಅನ್ನುವ ಶುದ್ಧವಾದಿಗಳು ಜಲವರ್ಣದ ಲೋಕದಲ್ಲಿ ಮೊದಲಿಂದಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಹಚ್ಚಿದ ಬಿಳಿಗೂ ಬಿಟ್ಟ ಬಿಳಿಗೂ ವ್ಯತ್ಯಾಸ ಇದೆ. ಹಚ್ಚಿದ ಬಿಳಿ ಕಾಗದದ ಮೇಲೆ ಕೂತಿರುತ್ತದೆ. ಬಿಟ್ಟ ಬಿಳಿಯಲ್ಲಿ ಬೆಳಕು ಚಿತ್ರದ ಒಳಗಿನಿಂದಲೇ ಬಂದ ಹಾಗೆ ಕಾಣುತ್ತದೆ.

ಇಷ್ಟೆಲ್ಲಾ ಮಾಡಲು ಸಮಯ ಎಷ್ಟು? ಜಾಸ್ತಿ ಇಲ್ಲ. ಸೂರ್ಯ ಒಂದು ಗಂಟೆಗೆ ಆಕಾಶದಲ್ಲಿ 15 ಡಿಗ್ರಿ ಸರಿಯುತ್ತಾನೆ. ಹತ್ತು ಗಂಟೆಗೆ ಹದ್ದಿನ ರೆಕ್ಕೆಯ ಕೆಳಗೆ ಇದ್ದ ನೆರಳು ಹನ್ನೊಂದಕ್ಕೆ ಬೇರೆ ಆಕಾರದ್ದು. ನೆರಳಿನಿಂದಲೇ ಕೆತ್ತನೆ ಕಾಣುವುದಾದರೆ ನೆರಳು ಸರಿದಾಗ ಕೆತ್ತನೆಯೇ ಬದಲಾದ ಹಾಗೆ. ಮೇಲಾಗಿ ದಕ್ಷಿಣ ಸ್ಪೇನಿನ ಒಣ ಬಿಸಿಲಿನಲ್ಲಿ ಬಣ್ಣ ನೋಡನೋಡುತ್ತಲೇ ಒಣಗುತ್ತದೆ. ಸಾರ್ಜೆಂಟ್ ಹೊರಗೆ ಬರೆಯುವಾಗ ಮೇಲೆ ಬಿಳಿ ಕೊಡೆ ಹಿಡಿಸಿಕೊಂಡು ಕೂರುತ್ತಿದ್ದ. ನೇರ ಬಿಸಿಲು ಬಿದ್ದರೆ ಬಿಳಿ ಕಾಗದ ಕಣ್ಣು ಕುಕ್ಕುತ್ತದೆ, ಬಣ್ಣದ ಹದ ತಪ್ಪುತ್ತದೆ. ಪೆನ್ಸಿಲ್ಲಿನಲ್ಲಿ ಕಾರಂಜಿಯ ಅಳತೆ ಗುರುತು ಮಾಡಿಕೊಂಡು, ಆಮೇಲೆ ದೊಡ್ಡ ಕುಂಚದಲ್ಲಿ ತುಂಬಾ ನೀರು ತೆಗೆದುಕೊಂಡು ಬೇಗ ಬೇಗ ಹೋಗುವುದು ಅವನ ಕ್ರಮ. ಆ ಪೆನ್ಸಿಲ್ ಗೆರೆಗಳು ಸ್ಪ್ಯಾನಿಶ್ ಕಾರಂಜಿಯ ಬಣ್ಣದ ಅಡಿಯಲ್ಲಿ ಇವತ್ತಿಗೂ ಇವೆ.

ಈ ಚಿತ್ರಗಳು ಮ್ಯೂಸಿಯಂನ ಗೋಡೆಯ ಮೇಲೆ ಯಾವಾಗಲೂ ಇರುವುದಿಲ್ಲ. ಬೆಳಕು ಬಿದ್ದಷ್ಟೂ ಕೆಲವು ಬಣ್ಣಗಳು ಮಾಸುತ್ತವೆ. ಅದಕ್ಕೇ ಜಲವರ್ಣಗಳನ್ನು ಸಾಮಾನ್ಯವಾಗಿ 50 ಲಕ್ಸಿನಷ್ಟು ಮಂದ ಬೆಳಕಿನಲ್ಲಿ ಕೆಲವು ತಿಂಗಳು ತೋರಿಸಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುತ್ತಾರೆ. ಕಾಗದದ ಬಗ್ಗೆಯೂ ಅಷ್ಟೇ ಕಾಳಜಿ ಬೇಕು. ತೈಲವರ್ಣದಲ್ಲಿ ಬಟ್ಟೆಯ ಹಿಂಭಾಗ ಹಳದಿಯಾದರೆ ಮುಂದಿನ ಚಿತ್ರದ ಬಿಸಿಲಿಗೆ ಏನೂ ಆಗುವುದಿಲ್ಲ. ಇಲ್ಲಿ ಕಾಗದ ಹಳದಿಯಾದರೆ ನೊರೆ ಹಳದಿಯಾಗುತ್ತದೆ, ಕಲ್ಲಿನ ಮೇಲಿನ ಬಿಸಿಲು ಮಂಕಾಗುತ್ತದೆ. ಅದನ್ನು ಮತ್ತೆ ಹಚ್ಚಲು ಬಣ್ಣ ಇಲ್ಲ, ಯಾಕೆಂದರೆ ಮೊದಲು ಹಚ್ಚಿಯೇ ಇರಲಿಲ್ಲ.

ಅದೃಷ್ಟಕ್ಕೆ ಎರಡೂ ಚಿತ್ರಗಳ ದೊಡ್ಡ ಪ್ರತಿಗಳು ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸ್ಪ್ಯಾನಿಶ್ ಕಾರಂಜಿಯನ್ನು ತೆರೆದು, ಹಿಗ್ಗಿಸಿ, ಬೋಗುಣಿಯ ನೆರಳಿನ ಭಾಗದಿಂದ ಶುರು ಮಾಡಿ. ನೀಲಿ ಎಲ್ಲಿ ಮುಗಿದು ಬೆಚ್ಚನೆಯ ಬಣ್ಣ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿ. ಆಮೇಲೆ ನಿಧಾನವಾಗಿ ಅಂಚಿನ ಕಡೆಗೆ ಬನ್ನಿ, ಬಣ್ಣ ನಿಂತು ಕಾಗದ ಶುರುವಾಗುವ ಜಾಗದ ತನಕ.